ಪರೀಕ್ಷೆಗೂ ಮೊದಲೇ ಕಟ್ಟಿದ ನೀಲಿ ಚೀಟಿ

"ಅಲ್ಲೇ ನಿಲ್ಲಿ, ಬು ಡೈರೆಕ್ಟರ್! ಮುಂದೆ ಬಂದ್ರೆ ನಿಮ್ಮ ಶೂಗೆ ಬೂದಿ ಮೆತ್ಕೊಳ್ಳುತ್ತೆ."

ಸುತಿಕ್ನೊನ ಮಾತಿಗೆ, ಅದರಲ್ಲೂ 'ಬು', ಅಂದರೆ ಮೇಡಂ, ಎಂಬ ಕರೆಗೆ ವಿಗಾತಿಯ ಕಾಲು ನೆಲಕ್ಕೆ ಅಂಟಿತು.

ಮಲಾಂಗ್ ಊರಿನ ಬೆಟ್ಟದ ಇಳಿಜಾರಿನಲ್ಲಿ ಅವನ ಅಪ್ಪನ ಕಿತ್ತಳೆ ತೋಟ ಹೊಗೆಯಾಡುತ್ತಿತ್ತು. ಎಲೆ ಹಳದಿಯಾಗಿ, ಕಾಯಿ ಸೊಟ್ಟಗಾಗಿ ಮರ ಸಾಯುವ ರೋಗ. ಮದ್ದಿಲ್ಲ. ಕಿತ್ತು ಸುಡಬೇಕು. ಆದೇಶಕ್ಕೆ ಸಹಿ ಹಾಕಿದವಳು ಅವಳೇ.

ಮದುವೆಗೂ ಬಿಡುವಿಲ್ಲದೆ ಇಪ್ಪತ್ತೆರಡು ವರ್ಷ ದುಡಿದು ಹಣ್ಣಿನ ಸಂಶೋಧನಾ ಕೇಂದ್ರದ ಮುಖ್ಯಸ್ಥೆಯಾದವಳು. ಅಲ್ಲಿ ಕಸಿ ಕಟ್ಟುತ್ತಿದ್ದ ಸುತಿಕ್ನೊ ಮೂರು ತಿಂಗಳ ಹಿಂದೆ ಕೆಲಸ ಕಳೆದುಕೊಂಡಿದ್ದ. ಅವನ ಕೊಳಕು ಚಾಕುವಿನಿಂದಲೇ ರೋಗ ಹರಡಿತೆಂದು ತನಿಖಾ ಸಮಿತಿ ಬರೆದಿತ್ತು.

ಸುಳ್ಳು! ಅದು ಅವರಿಬ್ಬರಿಗೇ ಗೊತ್ತಿತ್ತು.

ತಾಯಿಮರದ ರೋಗಪರೀಕ್ಷೆ ಮುಗಿದ ಮೇಲಷ್ಟೇ ಅದರ ಸಸಿಗಳಿಗೆ 'ರೋಗವಿಲ್ಲ' ಎಂದು ಸಾರುವ ನೀಲಿ ಚೀಟಿ ಕಟ್ಟಬೇಕು. ನಾಲ್ಕು ವರ್ಷದ ಹಿಂದೆ, ಅವಳ ಹೊಸ ತಳಿಯ ಬಿಡುಗಡೆಗೆ ಮಂತ್ರಿಗಳು ಬರುವವರಿದ್ದರು. "ಮರ ಚೆನ್ನಾಗೇ ಇದೆಯಲ್ಲ, ಕಟ್ಟಿಬಿಡಿ" ಎಂದು ಸುತಿಕ್ನೊಗೆ ಹೇಳಿದ್ದಳು. ಮರಕ್ಕೆ ರೋಗವಿದೆಯೆಂಬ ಫಲಿತಾಂಶ ಬರುವಷ್ಟರಲ್ಲಿ ಸಸಿಗಳು ಈ ತೋಟವೂ ಸೇರಿ ಹನ್ನೊಂದು ಹಳ್ಳಿಗೆ ಹೋಗಿದ್ದವು. ವಾಪಸ್ ತರಿಸಬಹುದಿತ್ತು... ಹೆದರಿದಳು.

"ಸಮಿತಿ ಕೇಳ್ದಾಗ ಯಾಕೆ ಸುಮ್ಮನಿದ್ರಿ, ಮಾಸ್? ನನ್ನ ಹೆಸರೆತ್ತೋಕೂ ಅಸಹ್ಯ ಆಯ್ತಾ?" ಸಲುಗೆಯೂ ಗೌರವವೂ ಇದ್ದ 'ಮಾಸ್' ಎಂಬ ಹಳೆಯ ಕರೆಯಲ್ಲೇ ಕೇಳಿದಳು.

"ಅಸಹ್ಯ!" ಅವನ ನಗು ಕೆಮ್ಮಾಯಿತು. "ಮಸೀದೀಲಿ ನನ್ನ ಪಕ್ಕ ಯಾರೂ ನಿಲ್ಲಲ್ಲ. ಅಪ್ಪ ಮಾತು ಬಿಟ್ಟಿದ್ದಾರೆ. ಅಸಹ್ಯಕ್ಕೆ ಯಾರಾದ್ರೂ ಇಷ್ಟೆಲ್ಲಾ ನುಂಗ್ಕೋತಾರಾ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. 'ಹಾಗಾದರೆ ಆ ಮೌನ... ಕೋಪವಲ್ಲವೇ?'

"ಬೆಳಗ್ಗೆ ಸಚಿವಾಲಯಕ್ಕೆ ಬರೆದು ಕಳಿಸ್ದೆ. ಚೀಟಿ ಕಟ್ಟಿಸಿದ್ದು ನಾನು, ಮುಚ್ಚಿಟ್ಟಿದ್ದೂ ನಾನೇ ಅಂತ. ಕೆಲಸ ಹೋಗುತ್ತೆ. ಕೇಸೂ ಬೀಳಬಹುದು."

"ಹುಚ್ಚು ಹಿಡೀತಾ ನಿಂಗೆ!"

ಅವನು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ನಾನು ಯಾಕೆ ಬಾಯಿ ಮುಚ್ಕೊಂಡಿದ್ದೆ ಅನ್ಕೊಂಡೆ? ನೀನು ಉಳೀಲಿ ಅಂತ! ಇಷ್ಟು ವರ್ಷ ನಿನ್ನ ಬಿಟ್ಟು ಬೇರೆ ಯಾರನ್ನ ನೋಡಿದ್ದೀನಿ ಹೇಳು?"

ವಿಗಾತಿಯ ಕಣ್ಣು ತುಂಬಿತು. ಆದರೂ ಸಿಹಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನಂಗೂ ನೀವಂದ್ರೆ ಪ್ರಾಣ, ಮಾಸ್. ಆದ್ರೂ ಮೂರು ತಿಂಗಳು ನಿಮ್ಮನ್ನ ಸಾಯೋಕೆ ಬಿಟ್ಟೆ. ಅದನ್ನೂ ತಿಳ್ಕೊಂಡು, ನಾನು ಬೇಕಾ ಅಂತ ಹೇಳಿ."

ಹೊಗೆ ಇಬ್ಬರ ನಡುವೆ ಸುಳಿಯಿತು. ಅವನು ಅರೆಸುಟ್ಟ ಕೊಂಬೆಯೊಂದನ್ನು ಬೆಂಕಿಯೊಳಕ್ಕೆ ತಳ್ಳಿದ.

"ಇವತ್ತೇ ಕ್ಷಮಿಸೋಕಾಗಲ್ಲ," ಎಂದ ಕೊನೆಗೆ. "ಬಿಟ್ಟು ಹೋಗೋಕೂ ಆಗಲ್ಲ."

ಬೂದಿ ಹತ್ತಿದ ಕೈ ಚಾಚಿದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಡಿ, ಮೊದಲು ಅಪ್ಪಂಗೆ ಹೇಳು. ಬೈತಾರೆ."

"ಬೈಲಿ."

"ಬೈದಾದ್ಮೇಲೆ ಊಟಕ್ಕೆ ಕೂರಿಸ್ತಾರೆ."

"ಕೂರಿಸದಿದ್ರೆ?"

"ಇಬ್ರೂ ಹಸ್ಕೊಂಡಿರೋಣ."