ಲುಡ್ಮಿಲಾಳ ಮೀನು

ಫೆಬ್ರವರಿ ಹನ್ನೊಂದು, ಬೆಳಿಗ್ಗೆ ಒಂಬತ್ತು ಗಂಟೆ. ವೆಸ್ಟ್ ಹಾರ್ಲೋ ಠಾಣೆಗೆ ದೂರು ಬಂತು: ಊರಿನ ಪಳೆಯುಳಿಕೆ ಸಂಗ್ರಹಾಲಯದಿಂದ ಕಲ್ಲಾದ ಮೀನಿನ ದವಡೆ ಕಳುವಾಗಿದೆ. ದೂರುದಾರರು ಮೇಲ್ವಿಚಾರಕ ಗಾರ್ಡನ್ ಪ್ರೈಸ್. ಇನ್‌ಸ್ಪೆಕ್ಟರ್ ರೀಟಾ ಕುಬಿಯಾಕ್ ಎಫ್‌ಐಆರ್ ದಾಖಲಿಸಿ, ಪೇದೆ ಡಗನ್‌ನನ್ನು ಕರೆದುಕೊಂಡು ಹೊರಟಳು. ಈರಿ ಸರೋವರದ ಗಾಳಿ ಮೂಳೆ ಕೊರೆಯುತ್ತಿತ್ತು.

ಸಂಗ್ರಹವಿದ್ದದ್ದು ನೆಲಮಾಳಿಗೆಯಲ್ಲಿ. ಗೋಡೆಗಳು ಬೆವರಿದ್ದವು.

“ಡಿವೋನಿಯನ್ ಕಾಲದ್ದು ಮೇಡಂ, ಹೊಳೆದಂಡೆಯ ಕರಿ ಶೇಲ್ ಪದರಗಲ್ಲಿನಲ್ಲಿ ಸಿಕ್ಕಿದ್ದು,” ಎಂದರು ಪ್ರೈಸ್. “ಮೂವತ್ತಾರು ಕೋಟಿ ವರ್ಷ ಉಳಿದಿದ್ದು.”

“ಅಷ್ಟು ವರ್ಷ ಉಳಿದದ್ದನ್ನ ನಿಮಗೆ ಒಂದು ರಾತ್ರಿ ಕಾಯೋಕಾಗ್ಲಿಲ್ವಾ?” ಡಗನ್ ಕಿಚಾಯಿಸಿದ. ಪ್ರೈಸ್ ಮುಖ ಗಂಟಿಕ್ಕಿದರು.

ಬೀಗ ಮುರಿದಿರಲಿಲ್ಲ. “ಕೀಲಿ ಯಾರ ಹತ್ರ ಇದೆ?” ರೀಟಾ ಕೇಳಿದಳು.

“ಪಳೆಯುಳಿಕೆ ಸಂಘದ ಹಳಬರೆಲ್ಲರ ಹತ್ರಾನೂ ಇದೆ.”

ಅಂದರೆ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಡಗನ್ ಪಂಚನಾಮೆ ಬರೆಯುತ್ತಿದ್ದಂತೆ ರೀಟಾ ಉಳಿದ ಖಾನೆಗಳನ್ನೂ ಎಳೆದು ನೋಡಿದಳು. ಪ್ರತಿ ಕಲ್ಲಿನ ಸುತ್ತಲೂ ಪುಟ್ಟ ಬಿಳಿ ಪೊಟ್ಟಣಗಳು. ಹೊಸ ಬೂಟಿನ ಡಬ್ಬಿಯೊಳಗೆ ಸಿಗುವಂಥ, ತೇವ ಹೀರುವ ಹರಳಿನವು.

“ಇವನ್ನ ನೀವಿಟ್ಟಿದ್ದಾ?”

“ಇಲ್ಲವಲ್ಲ! ನಿನ್ನೆ ಇರ್ಲೇ ಇಲ್ಲ.”

“ಕದಿಯೋಕೆ ಬಂದೋನು ಮಿಕ್ಕವಕ್ಕೆ ಮದ್ದು ಮಾಡಿ ಹೋಗಿದ್ದಾನಲ್ರೀ!” ಎಂದ ಡಗನ್.

ಆ ಊರಿನವರಿಗೆ ಇದು ಗೊತ್ತಿದ್ದದ್ದೇ. ಕರಿ ಶೇಲ್‌ಗೆ ತೇವ ತಗುಲಿದರೆ ಒಳಗಿನ ಗಂಧಕ ಕೆರಳುತ್ತದೆ. ಕಲ್ಲು ಹಳದಿ ಪುಡಿಯಾಗಿ ಉದುರುತ್ತದೆ. ಕಲ್ಲಿಗೆ ಕಾಯಿಲೆ ಬಂತು ಎನ್ನುತ್ತಾರೆ ಸಂಘದವರು.

“ಕಳುವಾದ ಮೀನು ಯಾರಿಗೆ ಸಿಕ್ಕಿದ್ದು?”

“ಯಾರ ಸುತ್ತಿಗೆಗೆ ಕಲ್ಲು ಬಾಯಿಬಿಡುತ್ತೋ ಮೀನು ಅವರ ಹೆಸರಲ್ಲೇ ಇರುತ್ತೆ ಮೇಡಂ. ಇದು ಲುಡ್ಮಿಲಾ ಹ್ರೊವಾಟ್ ಅವರ ಮೀನು. ಹೋದ ವರ್ಷ ತೀರಿಕೊಂಡ್ರು, ಪಾಪ.”

ರೀಟಾ ಖಾನೆ ಮುಚ್ಚಿ ಮೆಟ್ಟಿಲು ಹತ್ತಿದಳು. ಲುಡ್ಮಿಲಾಳ ಗಂಡ ಎಮಿಲ್‌ನದು ಊರಿನ ಏಕೈಕ ಬೂಟಿನ ಅಂಗಡಿ. ರೀಟಾಳ ಕಾಲಿಗೆ ಮೊದಲ ಬೂಟು ತೊಡಿಸಿದವನೂ ಅವನೇ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಎಮಿಲ್ ಅಳತೆಯ ಮಣೆಯ ಪಕ್ಕ ಕುಳಿತಿದ್ದ.

“ಮೀನು ಎಲ್ಲಿ ಮಾಮ?”

“ಮೇಲೆ, ಅವಳ ಅಲಮಾರಿಯಲ್ಲಿ. ಬೆಚ್ಚಗಿದೆ ಕಣಮ್ಮ.”

“ಯಾಕೆ ತಂದ್ರಿ?”

“ಪುಡಿ ಉದುರ್ತಿತ್ತು. ಬೆಂಕಿಕಡ್ಡಿ ಗೀರಿದ ನಾತ. ಆ ಪ್ರೈಸ್‌ಗೆ ಕೈಮುಗಿದು ಹೇಳ್ದೆ, ಗೋಡೆಗೆ ಹೇಳಿದ ಹಾಗಾಯ್ತು. ಚಳಿ ಕಳೀಲಿ ನೋಡೋಣ ಅಂದ. ಆಸ್ಪತ್ರೇಲೂ ನಂಗೆ ಹಾಗೇ ಅಂದಿದ್ರು. ಅವಳನ್ನಂತೂ ಉಳಿಸ್ಕೊಳ್ಳೋಕಾಗ್ಲಿಲ್ಲ.”

“ಉಳಿದ ಕಲ್ಲಿಗೆ ಪೊಟ್ಟಣ ಇಡದೇ ಇದ್ದಿದ್ರೆ ನಾನು ಇಲ್ಲಿಗೆ ಬರ್ತಾನೇ ಇರ್ಲಿಲ್ಲ.”

“ಗೊತ್ತು. ಪಕ್ಕದಲ್ಲೇ ಅವೂ ಸಾಯ್ತಿದ್ವಲ್ಲ, ನೋಡ್ಕೊಂಡು ಹೆಂಗೆ ಬರ್ಲಿ?”

ರೀಟಾ ಡಗನ್‌ನನ್ನು ಮೇಲೆ ಕಳಿಸಿದಳು. ಅವನು ಮೀನನ್ನು ಇಳಿಸಿ ತಂದ. ಜಪ್ತಿ ಪಂಚನಾಮೆಯಾಯಿತು, ಪೆಟ್ಟಿಗೆಗೆ ಮೊಹರು ಬಿತ್ತು.

“ಎಲ್ಲಿಡ್ತೀಯ ಅದನ್ನ?” ಎಮಿಲ್ ಕೇಳಿದ.

ಠಾಣೆಯ ಸಾಕ್ಷ್ಯದ ಕೋಣೆಯೂ ನೆಲಮಾಳಿಗೆಯಲ್ಲೇ ಇತ್ತು. ಅಲ್ಲಿನ ಕೊಳವೆ ತೊಟ್ಟಿಕ್ಕಲು ತೊಡಗಿ ಎರಡು ವರ್ಷವಾಗಿತ್ತು. “ಭದ್ರವಾಗಿರುತ್ತೆ ಮಾಮ,” ಎಂದಳು ರೀಟಾ.

ಅವನು ಬೊಗಸೆ ತುಂಬ ಪೊಟ್ಟಣ ಚಾಚಿದ. “ಇಷ್ಟು ಒಳಗಿಡು.”

“ಆಗಲ್ಲ. ಮೊಹರು ಹಾಕಿದ ಮೇಲೆ ಏನೂ ಸೇರಿಸೋ ಹಾಗಿಲ್ಲ.”

ಅವನು ಪೊಟ್ಟಣಗಳನ್ನು ಅವಳ ಕೋಟಿನ ಜೇಬಿಗೇ ತುರುಕಿ, ಬೇಡಿಗೆ ಕೈಯೊಡ್ಡಿದ. ಮಧ್ಯಾಹ್ನ ಮೂರಕ್ಕೆ ಬಂಧನ ದಾಖಲಾಯಿತು. ಸಂಜೆ ರೀಟಾ ಸಾಕ್ಷ್ಯದ ಕೋಣೆಗೆ ಇಳಿದು, ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತು, ನಿಯಮ ನಿಯಮವೇ ಎಂದುಕೊಂಡು ಹತ್ತಿ ಬಂದಳು.

ವಿಚಾರಣೆ ಬಂದದ್ದು ಅಕ್ಟೋಬರ್‌ನಲ್ಲಿ. ನ್ಯಾಯಾಲಯದಲ್ಲಿ ಮೊಹರು ಒಡೆದಾಗ ಬೆಂಕಿಕಡ್ಡಿಯ ನಾತ ಕೋಣೆಯನ್ನೆಲ್ಲ ತುಂಬಿತು. ಒಳಗಿದ್ದದ್ದು ಹಳದಿ ಪುಡಿ, ನಾಲ್ಕಾರು ಚಕ್ಕೆ.

“ನೀವು ತೆಗೆದುಕೊಂಡು ಹೋದ ಮೀನು ಇದೇನಾ?” ನ್ಯಾಯಾಧೀಶರು ಕೇಳಿದರು.

ಎಮಿಲ್ ಬಗ್ಗಿ, ಬಹಳ ಹೊತ್ತು ನೋಡಿದ.

“ಅಲ್ಲ ಸ್ವಾಮಿ,” ಎಂದ. “ನಾನು ತೊಗೊಂಡು ಹೋದಾಗ ಅದಕ್ಕೆ ಇನ್ನೂ ಜೀವ ಇತ್ತು.”

ಸಾಕ್ಷಿಯ ಕಟಕಟೆಯಲ್ಲಿದ್ದ ರೀಟಾ ಅದೇ ಕೋಟಿನ ಜೇಬಿಗೆ ಕೈಹಾಕಿದಳು. ಪೊಟ್ಟಣಗಳು ಅಲ್ಲೇ ಇದ್ದವು.