ಲಕಡಿ ಮಹಲಿನ ನಾಲ್ಕು ಬೆಣೆಗಳು

1957ರ ಮಾರ್ಚ್ 25, ಸೋಮವಾರ ಬೆಳಿಗ್ಗೆ 9-40ಕ್ಕೆ ಮಹಮೂದಾ ಬೇಗಂ ಭಾಲ್ಕಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಬುರ್ಖಾದ ಅಂಚಿಗೆ ಸುಣ್ಣದ ಧೂಳು ಮೆತ್ತಿತ್ತು.

"ನಮ್ಮ ಮನಿ ಯಾರೋ ಬಿಚ್ಚ್ಯಾರ್ರಿ ಸಾಬ" ಎಂದರು.

ಇನ್ಸ್‌ಪೆಕ್ಟರ್ ಶಿವರಾಜಪ್ಪ ತುಮಕೂರಿನ ಕಡೆಯವರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಐದು ತಿಂಗಳಾಗಿತ್ತು. ಅವರು ಇಲ್ಲಿಗೆ ವರ್ಗವಾಗಿ ಬಂದು ಎರಡು.

"ಬೀಗ ಒಡೆದಿದ್ದಾರಾ ಅಮ್ಮ?"

"ಬೀಗಲ್ಲರಿ. ಮನೀನೇ ಬಿಚ್ಚ್ಯಾರ."

ಹೆಡ್ ಕಾನ್‌ಸ್ಟೇಬಲ್ ಉಸ್ಮಾನ ಮಿಯಾ ಎಫ್.ಐ.ಆರ್. ಬರೆಯಲು ಕುಳಿತ. ಬಹಳ ವರ್ಷ ಉರ್ದುವಿನಲ್ಲಿ ಬರೆದ ಕೈ ಅದು; ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿತ್ತು.

"ಸಾಬ, ಈ ಒತ್ತು ತೆಳಗ ಬರೀಲೋ, ಬಾಜೂಕ ಬರೀಲೋ?"

"ಎಲ್ಲಾದರೂ ಬರಿ ಮಾರಾಯ. ಹಾಳೆಯ ಒಳಗಿದ್ದರೆ ಸಾಕು."

ದೂರಿನ ಸಾರ ಹೀಗಿತ್ತು. ಶನಿವಾರ ಮನೆಮಂದಿಯೆಲ್ಲ ಬೀದರಿನ ಅಷ್ಟೂರ ಉರುಸಿಗೆ ಹೋಗಿದ್ದರು. ಸೋಮವಾರ ಬೆಳಿಗ್ಗೆ 7ಕ್ಕೆ ಮರಳಿದರು. ಅರ್ಧ ತಾಸಿನೊಳಗೆ, ಬೀದಿಯ ಮೇಲೆ ಚಾಚಿಕೊಂಡಿದ್ದ ಮೇಲಂತಸ್ತಿನ ಒಂದು ಮೂಲೆ ಕುಸಿದು ಕೆಳಗಿನ ಕಟ್ಟೆಯ ಮೇಲೆ ಬಿತ್ತು. ಅಡುಗೆಯ ವಜೀರಬೀಯ ಕಾಲು ಮುರಿಯಿತು. ಅಲ್ಲಿನ ಕಂಬ ತೊಲೆಗಳನ್ನು ಹಿಡಿದಿದ್ದ ನಾಲ್ಕು ಬೆಣೆಗಳು ಜಾಗದಲ್ಲಿಲ್ಲ.

"ಯಾರ ಮೇಲಾದರೂ ಅನುಮಾನ?"

"ದತ್ತಾತ್ರಿ ಗುತ್ತೇದಾರ. ರಸ್ತಾ ಅಗಲ ಮಾಡೋ ಕೆಲಸ ಅವಂದು. ಗುರುವಾರ ಗುಲಬರ್ಗಾದಿಂದ ಎಂಜಿನಿಯರ್ ಬರ್ತಾರ. ಮನಿ ಗಟ್ಟಿ ಅದ ಅಂತ ಬರದ್ರ ರಸ್ತಾ ಬಾಗಿ ಹೋಗ್ತದ, ಮನಿ ಉಳೀತದ. ಗಟ್ಟಿ ಇಲ್ಲ ಅಂದ್ರ ಕೆಡವ್ತಾರ." ಬೇಗಂ ಬುರ್ಖಾದ ಅಂಚಿನ ಧೂಳು ಕೊಡವಿದರು. "ಹೆಂಗಸಾಗಿ, ಮನಿ ಉಳಸ್ರಿ ಅಂತ ಅರ್ಜಿ ಹಿಡಕೊಂಡು ನಾಕು ತಿಂಗಳು ತಿರಗೇನಿ. ಈಗ ಏನ್ ತೋರಸ್ಲಿ ಅವರಿಗೆ?"

ಭಾರತ ದಂಡ ಸಂಹಿತೆ 427 ಮತ್ತು 338ರ ಅಡಿ ಪ್ರಕರಣ ದಾಖಲಾಯಿತು.

11-15ಕ್ಕೆ ಪಂಚರೊಡನೆ ಸ್ಥಳ ಪಂಚನಾಮೆ ಶುರುವಾಯಿತು. ಊರವರು ಲಕಡಿ ಮಹಲ್, ಮರದ ಅರಮನೆ, ಎನ್ನುತ್ತಿದ್ದ ಆ ಮನೆಯ ಮುಂದೆ ಶಿವರಾಜಪ್ಪ ದಿನವೂ ಹಾಯ್ದಿದ್ದರು, ಕತ್ತೆತ್ತಿ ನೋಡಿರಲಿಲ್ಲ. ಮೂರು ಅಂತಸ್ತು, ಎಲ್ಲ ಸಾಗವಾನಿ. ಭಾರ ಹೊತ್ತದ್ದು ಗೋಡೆಯಲ್ಲ, ಮರ. ಇಟ್ಟಿಗೆ ಗಾರೆಗಳು ಕಂಬಗಳ ನಡುವೆ ಸುಮ್ಮನೆ ಜಾಗ ತುಂಬಿ ನಿಂತಿದ್ದವು. ಕಲ್ಲಿನ ಪೀಠದ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲು ಜಂತಿ. ಎರಡನೇ ಅಂತಸ್ತು ಬೀದಿಯ ಕಡೆ ಒಂದು ಮಾರು ಮುಂದೆ ಬಂದು, ನೀರು ನೋಡಲು ಬಗ್ಗಿದ ಹುಡುಗಿಯ ಹಾಗೆ ಕಾಣುತ್ತಿತ್ತು. ಇಡೀ ಮನೆಗೆ ಒಂದು ಕಬ್ಬಿಣದ ಮೊಳೆ ಇಲ್ಲ. ಮರ ಮರವನ್ನು ಕಚ್ಚಿಕೊಂಡಿತ್ತು. ಕಚ್ಚಿದಲ್ಲಿ ಅಂಗೈ ಅಗಲದ ಬೆಣೆ.

ಬೆಣೆಗಳು ಸಿಕ್ಕವು. ಕಟ್ಟೆಯ ಗೋಡೆಯ ದೀಪದ ಗೂಡಿನಲ್ಲಿ ನಾಲ್ಕೂ ಇದ್ದವು. ಎಣ್ಣೆ ಹಚ್ಚಿ, ಅರಿವೆಯಲ್ಲಿ ಸುತ್ತಿ, ಯಾವುದು ಎಲ್ಲಿಯದೆಂದು ತಿಳಿಯುವಂತೆ ಒಂದು, ಎರಡು, ಮೂರು, ನಾಲ್ಕು ಗೀರು ಎಳೆದು. ಒಂದರ ಅಂಚೂ ಮುಕ್ಕಾಗಿರಲಿಲ್ಲ.

"ಕಳ್ಳ ಭಾರಿ ಶಿಸ್ತಿನಂವ ಅದಾನ" ಎಂದ ಉಸ್ಮಾನ ಮಿಯಾ. "ನಮ್ಮ ಮನ್ಯಾಗ ಮಕ್ಕಳು ಚಪ್ಲಿ ಸುದಾ ಹಿಂಗ ಇಡಂಗಿಲ್ಲ."

ಶಿವರಾಜಪ್ಪ ಏಣಿ ಹತ್ತಿ, ಬೆಣೆ ಕೂತಿದ್ದ ಮೊದಲ ಸೀಳಿಗೆ ಬ್ಯಾಟರಿ ಹಿಡಿದರು. ನೂರು ವರ್ಷ ಬೆಳಕು ಕಾಣದ ಮರ ಹಸುಗೂಸಿನ ಅಂಗಾಲಿನ ಬಣ್ಣಕ್ಕಿತ್ತು. ಅದರಲ್ಲಿ ಉಳಿಯಿಂದ ಕೊರೆದ ಬಾಚಿಯ ಆಕಾರದ ಒಂದು ಗುರುತು, ಕೆಳಗೆ ಎರಡು ಪದ, ಹತ್ತಿರದ ಒಂದು ಹಳ್ಳಿಯ ಹೆಸರು, ಒಬ್ಬನ ಹೆಸರು: ಮೆಹಕರ ಮಾಣಿಕ. ಯಾರೋ ಧೂಳನ್ನು ಆಗಲೇ ಒರೆಸಿದ್ದರು. ಉಳಿದ ಮೂರರಲ್ಲೂ ಅದೇ.

ಸಂಜೆ 5ಕ್ಕೆ ದತ್ತಾತ್ರಿ ತಾನೇ ಠಾಣೆಗೆ ಬಂದ.

"ಶನಿವಾರದಿಂದ ಎಲ್ಲಿದ್ದೆ?"

"ಔರಾದ ತಾಲೂಕು, ಎಕಂಬಾ. ರಸ್ತಾಕ್ಕ ಖಡಿ ಹಾಕಸ್ತಿದ್ದೆ. ನಲವತ್ತು ಆಳು ನೋಡ್ಯಾರ, ಕೇಳ್ಕೋರಿ."

"ಮನೆ ಬಿದ್ದರೆ ಲಾಭ ನಿನಗೇ."

"ಬೀಳಸಬೇಕಿದ್ರ ಕೊಡ್ಲಿ ತರ್ತಿದ್ದೆರಿ ಸಾಹೇಬ್ರ. ನಾಕು ಬೆಣಿ ತಗದು ಎಣ್ಣಿ ಹಚ್ಚಿ ಗೂಡಿನ್ಯಾಗ ಯಾಕ ಇಡ್ತಿದ್ದೆ? ಇಟ್ಟಂವ ತಿರಗಿ ಬಡಿಯೋಂವ."

ಮಂಗಳವಾರ ಕಾನ್‌ಸ್ಟೇಬಲ್ ಪಂಢರಿ ಎಕಂಬಾಕ್ಕೆ ಹೋಗಿ ವಿಚಾರಿಸಿದ. ದತ್ತಾತ್ರಿ ಹೇಳಿದ್ದು ಖರೆ.

ಅದೇ ದಿನ 10-30ಕ್ಕೆ ಸರಕಾರಿ ದವಾಖಾನೆಯಲ್ಲಿ ವಜೀರಬೀಯ ಹೇಳಿಕೆ ಪಡೆದರು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಬೆಣೆ ತೆಗೆದದ್ದು ನೀವು ಊರಲ್ಲಿಲ್ಲದಾಗ, ಬಿದ್ದದ್ದು ಸೋಮವಾರ ನೀವು ಬಂದ ಮೇಲೆ. ನಡುವೆ ಅದನ್ನು ಏನೋ ಹಿಡಿದಿತ್ತು. ಏನದು?"

"ನನಗ ಗೊತ್ತಿಲ್ಲರಿ."

"ಕಟ್ಟೆಯ ಮೇಲೆ ಒಂದು ಕೋಲಿನ ತಳದ ಗುರುತಿದೆ. ಕೋಲು ನಿಮ್ಮ ಅಡುಗೆಮನೆ ಬಾಗಿಲ ಹಿಂದೆ ಸಿಕ್ಕಿತು."

ಉಸ್ಮಾನ ಮಿಯಾ ಮಂಚದ ಹತ್ತಿರ ಬಗ್ಗಿದ. "ಹೇಳು ಖಾಲಾ. ಕಾಲು ಮುರದಾದ, ಇನ್ನ ಏನ್ ಮುರೀತಾರ?"

ಮುದುಕಿ ಅತ್ತಳು. "ಕೋಲಿಗೆ ಹಸಿರು ಬಟ್ಟಿ ಕಟ್ಟಿತ್ತಪ್ಪಾ. ಉರುಸಿನ ನಿಶಾನಿ ಕೋಲು ಯಾರೋ ಇಟ್ಟು ಹೋಗ್ಯಾರ, ಬಾಗಿಲಾಗ ಹೋಗಿ ಬರೋರ ಕಾಲು ತಾಕ್ತದ, ಗುನ್ಹಾ ಆಗ್ತದ ಅಂತ ತಿಳದೆ. ತಳದಾಗ ಕೊಟ್ಟಿದ್ದ ಕಟಗಿ ತುಂಡು ಸರಿಸಿ, ಕಣ್ಣಿಗೆ ಒತ್ತಿಕೊಂಡು ಒಳಗಿಟ್ಟು ಬಂದೆ. ತಿರಗಿ ಕಟ್ಟಿ ಮ್ಯಾಲ ಬರೋದ್ರಾಗ ಮ್ಯಾಲಿಂದು ಕೆಳಗ ಬಂತು. ಬೇಗಂಗೆ ಹೇಳಬ್ಯಾಡ್ರಿ."

ಮಧ್ಯಾಹ್ನ ಶಿವರಾಜಪ್ಪ ತಾಲೂಕು ಕಚೇರಿಯಿಂದ ಬೇಗಂ ಕೊಟ್ಟ ಅರ್ಜಿಯ ನಕಲು ತರಿಸಿದರು. ಎರಡನೇ ಪುಟದಲ್ಲಿ ಹೀಗಿತ್ತು: 'ಸದರಿ ಇಮಾರತನ್ನು ಹೈದರಾಬಾದಿನ ಹೆಸರಾಂತ ಉಸ್ತಾದರೊಬ್ಬರು ಕಟ್ಟಿರುತ್ತಾರೆ.' ಕೊನೆಗೆ ಸಾಕ್ಷಿಗಳ ಸಹಿ. ಮೂರನೆಯ ಜಾಗದಲ್ಲಿ 'ಮಡೆಪ್ಪ, ಬಡಿಗ, ಮೆಹಕರ' ಎಂದು ಗುಮಾಸ್ತ ಬರೆದಿದ್ದ. ಮುಂದೆ ಸಹಿ ಇರಲಿಲ್ಲ.

"ಓದಿ ಹೇಳಿದೆನ್ರಿ" ಎಂದ ಗುಮಾಸ್ತ. "ಇನ್ನೊಮ್ಮೆ ಓದು ಅಂದ. ಓದಿದೆ. ಪೇಟಾ ಸುತ್ತಿಕೊಂಡು ಹೊಂಟುಹೋದ."

ಬುಧವಾರ, ಮಾರ್ಚ್ 27, ಮಧ್ಯಾಹ್ನ 3-10. ಮೆಹಕರದಲ್ಲಿ ಮಡೆಪ್ಪ ಬೇವಿನ ನೆರಳಿನಲ್ಲಿ ಕೂತು ತೊಟ್ಟಿಲ ಕಾಲು ಕೆತ್ತುತ್ತಿದ್ದ. ಅರವತ್ತು ದಾಟಿದ ಆಳು. ಪೊಲೀಸರನ್ನು ಕಂಡು ಬಾಚಿಯನ್ನು ಪಕ್ಕಕ್ಕಿಟ್ಟ, ಅಂಚು ಒಳಮುಖವಾಗಿ.

"ಲಕಡಿ ಮಹಲಿನ ಬೆಣೆ ತೆಗೆದವನು ನೀನಾ?"

"ಹೌದರಿ. ಐತವಾರ ಮಧ್ಯಾಹ್ನ. ಪ್ಯಾಟಿ ಮಂದಿ ಎಲ್ಲಾ ಅಷ್ಟೂರಿಗೆ ಹೋಗಿತ್ತು."

"ಯಾಕೆ?"

"ನಮ್ಮ ಅಜ್ಜನ ಹೆಸರು ಒಳಗದರಿ. ಹೆಸರು ಕೊರದು ಮ್ಯಾಲ ಬೆಣಿ ಬಡೀತಿದ್ದರು, ಯಾರಿಗೂ ಕಾಣಂಗಿಲ್ಲ. ಮನಿ ಬಿಚ್ಚಿದಂವಗಷ್ಟೇ ಕಾಣ್ತದ. ವರ್ಷಾ ದಸರಾ ಆದ ಮ್ಯಾಲ ನಾನೇ ಆ ಕಂಬಕ್ಕ ಎಣ್ಣಿ ಹಚ್ಚೇನಿ, ನಾನೂ ನೋಡಿರ್ಲಿಲ್ಲ. ಉಸ್ತಾದ ಕಟ್ಯಾನಂತ. ಯಾವ ಉಸ್ತಾದ? ಗುರುವಾರ ಎಂಜಿನಿಯರ್ ಬಂದಾಗ ಹೋಗಿ, ಸಾಹೇಬ್ರ ಇಲ್ಲಿ ನೋಡ್ರಿ ಅಂತ ತೋರಸಿ, ಅವರ ಮುಂದ ಬೆಣಿ ಬಡೀಬೇಕಂತ ಇದ್ದೆ."

"ಮೇಲಂತಸ್ತಿಗೆ ಆಸರೆ ಕೊಟ್ಟ ಕೋಲಿಗೆ ಹಸಿರು ಬಟ್ಟೆ ಕಟ್ಟಿದ್ದು?"

"ಭಾರ ಹೊತ್ತ ಕೋಲಿಗೆ ಕಟ್ತೇವಿ. ಕಂಡ್ರ ಸಣ್ಣ ಹುಡುಗರು ಸುದಾ ಮುಟ್ಟಂಗಿಲ್ಲ, ನಮ್ಮೂರಾಗ." ಉಸ್ಮಾನ ಮಿಯಾ ವಜೀರಬೀಯ ಮಾತು ತಿಳಿಸಿದ. ಮಡೆಪ್ಪ ತೊಟ್ಟಿಲ ಕಾಲನ್ನು ಕೆಳಗಿಟ್ಟ. "ಮುದುಕಿ ಕಾಲು ಕೂಡ್ತದೇನ್ರಿ?"

3-45ಕ್ಕೆ ದಸ್ತಗಿರಿ ಪಂಚನಾಮೆ ಮುಗಿಯಿತು. ಜೀಪು ಹತ್ತುವ ಮುಂಚೆ ಅವನು ಒಂದೇ ಮಾತು ಕೇಳಿದ.

"ನಾಳಿ ಎಂಜಿನಿಯರ್ ಬರೋದ್ರಾಗ ಒಂದು ತಾಸು ಕೊಡ್ರಿ. ಹಗ್ಗ ಹಾಕಿ ಎತ್ತಿ, ನಾಕೂ ಬಡದು ಬಿಡ್ತೇನಿ. ಜಂತಿ ಒಂದೂ ಮುರದಿಲ್ಲ, ಬರೇ ಜಾರ್ಯಾವ. ಆಮ್ಯಾಲ ಫಾಸಿ ಹಾಕ್ರಿ."

"ಬೆಣೆ ಮುದ್ದೆಮಾಲು. ಅರಗಿನ ಮೊಹರಾಗಿದೆ. ಕೋರ್ಟಿನ ಹುಕುಂ ಇಲ್ಲದೆ ನಾನು ಮುಟ್ಟುವ ಹಾಗಿಲ್ಲ, ಆರೋಪಿಗಂತೂ ಆಗುವುದೇ ಇಲ್ಲ."

"ಮತ್ತ ಬ್ಯಾರೆ ಬೆಣಿ ಕೆತ್ತಲೇನ್ರಿ?"

"ಸ್ಥಳವೂ ಸಾಕ್ಷಿಯೇ ಕಣಯ್ಯಾ."

ಹಾಗೆಂದರೂ 5-20ಕ್ಕೆ ಶಿವರಾಜಪ್ಪ ಕೋರ್ಟಿಗೆ ಅರ್ಜಿ ಕಳಿಸಿದರು. ಮ್ಯಾಜಿಸ್ಟ್ರೇಟರು ಬೀದರಿಗೆ ಹೋಗಿದ್ದರು, ಬರುವುದು ಶುಕ್ರವಾರ. ಎಂಜಿನಿಯರ ತಾರೀಖು ಮುಂದೂಡಲು ಗುಲಬರ್ಗಾಕ್ಕೆ ತಂತಿ ಹೋಯಿತು. ಉತ್ತರ ಬರಲಿಲ್ಲ.

6-30ಕ್ಕೆ ಮಹಮೂದಾ ಬೇಗಂ ಬಂದು ದೂರು ವಾಪಸ್ ಕೇಳಿದರು. ಆಗುವುದಿಲ್ಲ ಎಂದು ಇನ್ಸ್‌ಪೆಕ್ಟರು ತಿಳಿಸಿ ಹೇಳಿದರು. ಅವರು ಎದ್ದು ಹೋಗಲಿಲ್ಲ.

"ನಲವತ್ತೆಂಟರ ಪೊಲೀಸ್ ಆಕ್ಷನ್ ಗಲಾಟಿಯಾಗ ಹದಿನಾಕು ದಿನ ನಾವು ಆ ಮನಿ ಅಟ್ಟದ ಮ್ಯಾಲ ಇದ್ದಿವಿ. ರೊಟ್ಟಿ ತಂದು ಕೊಟ್ಟಂವ ಇವನೇ."

"ಹಾಗಿದ್ದರೆ ಅವನ ಅಜ್ಜನ ಹೆಸರು ಯಾಕಮ್ಮ ಬಿಟ್ಟಿರಿ?"

"ಹಳ್ಳಿ ಬಡಿಗನ ಮನಿ ಅಂದ್ರ ಸರಕಾರ ಯಾಕ ಉಳಸ್ತದ ಅಂದ ವಕೀಲ. ಓದಿ ಹೇಳಿದಾಗ ನಾ ಸುಮ್ಮ ಇದ್ದೆ." ಆಮೇಲೆ ಎದ್ದು ನಿಂತು, "ಅಂವ ನನ್ನ ಮಾರಿ ನೋಡಿದ. ಆಗೂ ಸುಮ್ಮ ಇದ್ದೆ" ಎಂದರು.

ಗುರುವಾರ 11ಕ್ಕೆ ಎಂಜಿನಿಯರ್ ಬಂದರು. ಕುಸಿದ ಮೂಲೆಯನ್ನು ಬೀದಿಯ ಆಚೆಯಿಂದ ನೋಡಿದರು. ಶಿವರಾಜಪ್ಪ ಏಣಿ ಹಾಕಿಸಿ, ಬ್ಯಾಟರಿ ಹಿಡಿದು ಕಾದಿದ್ದರು. "ಅದರ ಮೇಲೆ ಯಾರು ಹತ್ತುತ್ತಾರೆ ಇನ್ಸ್‌ಪೆಕ್ಟರೇ, ನನಗೂ ಹೆಂಡತಿ ಮಕ್ಕಳಿದ್ದಾರೆ" ಎಂದು ನಕ್ಕರು. ಹದಿನೈದು ನಿಮಿಷದಲ್ಲಿ ವರದಿ ಮುಗಿಯಿತು. ಕಟ್ಟಡದ ಸ್ಥಿತಿ: ಅಪಾಯಕಾರಿ, ಕೆಡವತಕ್ಕದ್ದು. ಕಟ್ಟಿದವರು: ತಿಳಿದುಬಂದಿಲ್ಲ.

ಏಪ್ರಿಲ್ 16ರಂದು ದತ್ತಾತ್ರಿಯ ಆಳುಗಳು ಕೆಲಸ ಶುರು ಮಾಡಿದರು. ಮರ ಎಷ್ಟು ಕಚ್ಚಿಕೊಂಡಿತ್ತೆಂದರೆ ಕೊಡಲಿಗೆ ಬಗ್ಗಲಿಲ್ಲ. ಗರಗಸದಲ್ಲಿ ಕೊಯ್ಯಲು ಹನ್ನೊಂದು ದಿನ ಹಿಡಿಯಿತು. ಮಡೆಪ್ಪ ಆಗ ಬೀದರ ಜೈಲಿನಲ್ಲಿದ್ದ.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಎಂಬ ಕಡೆ ಉಸ್ಮಾನ ಮಿಯಾ 'ಹಗೆತನ' ಎಂದು ಬರೆದಿದ್ದ. ಶಿವರಾಜಪ್ಪ ಅದನ್ನು ಹೊಡೆದುಹಾಕಿ, 'ತನ್ನ ಅಜ್ಜ ಮಾಣಿಕನ ಹೆಸರನ್ನು ಸರಕಾರದ ಒಬ್ಬ ಮನುಷ್ಯನಾದರೂ ಕಣ್ಣಾರೆ ಓದಲಿ ಎಂದು' ಎಂಬುದಾಗಿ ಬರೆಸಿದರು. ವಾರದ ಮೇಲೆ ಆ ಹಾಳೆ ಮೇಲಿನ ಕಚೇರಿಯಿಂದ ತಿರುಗಿ ಬಂತು. ಉದ್ದೇಶ ಸ್ಪಷ್ಟವಿಲ್ಲ, ತಿದ್ದಿ ಕಳಿಸುವುದು ಎಂದು ಅಂಚಿನಲ್ಲಿ ಕೆಂಪು ಶಾಯಿ.

ಉಸ್ಮಾನ ಮಿಯಾ ದೌತಿಗೆ ಲೇಖನಿ ಅದ್ದಿ ಕಾದ. "ಏನ್ ಬರೀಲಿ ಸಾಬ?"

"ಹಗೆತನ" ಎಂದರು ಶಿವರಾಜಪ್ಪ.