ಒಂದೇ ವೇಗದಲ್ಲಿ ಓಡದ ವ್ಯಾನು

“ಮತ್ತೆ ಯಾಕೆ ನಿಲ್ಸಿದ್ರಿ?”

“ಕೋಳಿ, ಮೇಡಂ.”

ಹಿಂದಿನ ಸೀಟಿನಲ್ಲಿ ಸ್ಕ್ರೀನ್ ನೋಡುತ್ತಿದ್ದ ಇಂಜಿನಿಯರ್ ಕಣ್ಣು ಮುಚ್ಚಿ ಒರಗಿದಳು. ವ್ಯಾನಿನ ಕೆಳಗಿದ್ದ ಲೇಸರ್ ರಸ್ತೆಯ ಉಬ್ಬುತಗ್ಗು ಅಳೆಯಬೇಕಾದರೆ ವೇಗ ಒಂದೇ ಸಮನಾಗಿರಬೇಕು. ನಡುವೆ ನಿಂತರೆ ಅಷ್ಟೂ ಡೇಟಾ ದಂಡ, ಮೊದಲಿನಿಂದ ಓಡಿಸಬೇಕು. ಬೆಳಿಗ್ಗೆ ಚೆಂಡಿನ ಹಿಂದೆ ಓಡಿಬಂದ ಮಗು, ಆಮೇಲೆ ತಳ್ಳುಗಾಡಿ, ಈಗ ಇದು.

“ಕೋಳಿ ತಾನಾಗೇ ಓಡಿಹೋಗ್ತಿತ್ತು.”

“ಎಲ್ಲಿ ಓಡುತ್ತೆ? ನಿಂತ್ಕೊಂಡು ನಿಮ್ಮನ್ನೇ ನೋಡ್ತಿತ್ತು.” ಕನ್ನಡಿಯಲ್ಲಿ ಡ್ರೈವರನ ಕಣ್ಣು ಅವಳತ್ತ ಹೊರಳಿ, ಏನೂ ಅರಿಯದಂತೆ ರಸ್ತೆಗೆ ಮರಳಿತು. “ಅದರ ತಪ್ಪೂ ಇಲ್ಲ ಬಿಡಿ.”

ಅವಳ ಕಿವಿ ಬೆಚ್ಚಗಾಯಿತು. ಅದಕ್ಕೇ ಇನ್ನಷ್ಟು ರೇಗಿತು.

ಇದು ಆಸ್ಪತ್ರೆಯ ರಸ್ತೆ. ಶುಕ್ರವಾರದೊಳಗೆ ವರದಿ ಸೇರದಿದ್ದರೆ ಈ ವರ್ಷದ ದುರಸ್ತಿಯಿಂದಲೇ ಬಿಟ್ಟುಹೋಗುತ್ತದೆ. ಆಂಬುಲೆನ್ಸಿನಲ್ಲಿ ಮಲಗಿದವರು ಇನ್ನೊಂದು ವರ್ಷ ಈ ಗುಂಡಿಗಳಲ್ಲಿ ಕುಲುಕಾಡಬೇಕು. ಸಂಜೆ ಅವಳು ಸಾಹೇಬರ ಬಳಿ ಹೋಗಿ ಬೇರೆ ಡ್ರೈವರ್ ಬೇಕೆಂದಳು.

ಹೊರಗೆ ಅವನು ಎಲ್ಲ ಕೇಳಿಸಿಕೊಂಡು, ವ್ಯಾನಿನ ಬೀಗದಕೈ ಹಿಡಿದು ಕಾಯುತ್ತಿದ್ದ. “ಆ ರಸ್ತೆ ಆಗ್ಲೇಬೇಕು, ಮೇಡಂ. ನೀವು ಮಾಡಿದ್ದು ಸರಿ” ಎಂದು ಅದನ್ನು ಅವಳ ಕೈಗಿಟ್ಟು ಹೋದ. ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಮರುದಿನ ಬಂದ ಹೊಸ ಡ್ರೈವರ್ ಯಂತ್ರದಂತೆ ಓಡಿಸಿದ. ಆಸ್ಪತ್ರೆಯ ಎದುರು ಮುದುಕರೊಬ್ಬರು ರಸ್ತೆ ದಾಟುತ್ತಿದ್ದರು. ಇವನು ಹಾರ್ನ್ ಒತ್ತಿದನೇ ಹೊರತು ವೇಗ ತಗ್ಗಿಸಲಿಲ್ಲ. ಅವರು ಹೌಹಾರಿ ಹಿಂದೆ ಸರಿದಾಗ ಕೈಯಲ್ಲಿದ್ದ ಔಷಧಿಯ ಚೀಲ ನೆಲಕ್ಕೆ ಬಿತ್ತು.

“ನಿಲ್ಸಿ” ಎಂದು ಈ ಸಲ ಕೂಗಿದವಳು ಅವಳೇ. ಇಳಿದು ಮಾತ್ರೆಗಳನ್ನು ಹೆಕ್ಕಿಕೊಟ್ಟು, ಕೈಹಿಡಿದು ರಸ್ತೆ ದಾಟಿಸಿ, ಮೊದಲಿನಿಂದ ಓಡಿಸಲು ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ವರದಿ ಸೇರಿತು.

“ದಿನಾ ಬಂದ ತಕ್ಷಣ ಡ್ರೈವರ್ ಪುರಾಣ ಶುರುವಾಗ್ತಿತ್ತು. ಇವತ್ತೇನು ಬಾಯಿಗೆ ಬೀಗ?” ಎಂದರು ರಾತ್ರಿ ಊಟಕ್ಕೆ ಬಡಿಸುತ್ತಿದ್ದ ಚಿಕ್ಕಮ್ಮ.

“ಅವರನ್ನ ನಮ್ಮ ವ್ಯಾನಿಂದ ನಾನೇ ಬಿಡಿಸ್ದೆ, ಚಿಕ್ಕಮ್ಮ.”

“ಬಿಡಿಸಿದ್ದು ಅವನನ್ನ. ಊಟ ಯಾಕೆ ಬಿಟ್ಟೆ?”

ಅವಳ ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದಂತೆಯೇ ಇತ್ತು.

ಬೆಳಿಗ್ಗೆ ಅವಳು ನೇರ ಗ್ಯಾರೇಜಿಗೆ ಹೋದಳು. ಹಳೆಯ ಡ್ರೈವರ್ ತನಗೀಗ ಕೊಟ್ಟಿದ್ದ ನೀರಿನ ಟ್ಯಾಂಕರಿನ ಚಕ್ರ ಬಿಚ್ಚುತ್ತಿದ್ದ.

“ವರದಿ ಸೇರ್ತಂತೆ, ಮೇಡಂ. ಮತ್ಯಾಕೆ ಮುಖ ಗಂಟು?”

“ನಿಮ್ಮಿಂದ ನನಗೆ ಸಾಕಾಗಿಹೋಗಿದೆ. ನೀವಿದ್ರೆ ಕೆಲಸ ಆಗಲ್ಲ. ಇಲ್ದಿದ್ರೆ ಕೆಲಸ ಬಿಟ್ಟು ಬೇರೇನೂ ಆಗಲ್ಲ. ಊಟ ಸೇರಲ್ಲ, ನಿದ್ದೆ ಬರಲ್ಲ.”

ಅವನು ನಗು ತಡೆಯಲು ಹೋಗಿ ಸೋತ. “ನನ್ನ ಕಥೆನೂ ಅಷ್ಟೇ. ಈ ಟ್ಯಾಂಕರ್ ಕನ್ನಡಿಲಿ ಬರೀ ಲಾರಿಗಳೇ ಕಾಣ್ತವೆ.” ಸ್ಪ್ಯಾನರ್ ಕೆಳಗಿಟ್ಟು, ಮೆಲ್ಲಗೆ ಕೇಳಿದ: “ಹಾಗಾದ್ರೆ ಯಾವುದು ವಾಸಿ, ಮೇಡಂ? ನಾನಿರೋದಾ, ಇಲ್ದಿರೋದಾ?”

ಇಷ್ಟು ಹೇಳಿದರೂ ಈ ಮನುಷ್ಯನಿಗೆ ಬಿಡಿಸಿ ಹೇಳಬೇಕೇ?

“ಇರೋದೇ ವಾಸಿ. ಮತ್ತೆ, ಮೇಡಂ ಅನ್ನೋದು ನಿಲ್ಸಿ.”

“ಇನ್ನೇನನ್ಲಿ?”

ಅವಳು ನಿಟ್ಟುಸಿರುಬಿಟ್ಟು, ಅವನ ಗ್ರೀಸ್ ಮೆತ್ತಿದ ಕೈಯನ್ನು ಹಾಗೇ ಹಿಡಿದುಕೊಂಡಳು. “ಅದನ್ನೂ ನಾನೇ ಹೇಳ್ಕೊಡ್ಬೇಕಾ?”